ಸ್ತನ ತೆಗೆಯುವ ಮುನ್ನ ಆಡಬೇಕಾದ ಇನ್ನೊಂದು ಮಾತು

ಹೊಕ್ಕುಳಿನ ಕೆಳಗೆ, ಲಂಗದ ಲಾಡಿ ಬಿಗಿಯುವ ಗೆರೆಯ ಆಚೀಚೆ, ಒಂದೆರಡು ಹೆರಿಗೆ ಕಂಡ ಹೆಂಗಸರ ಹೊಟ್ಟೆಯಲ್ಲಿ ಮೆತ್ತನೆಯ ಕೊಬ್ಬು ಸಡಿಲ ಚರ್ಮದೊಂದಿಗೆ ಉಳಿದುಬಿಡುತ್ತದೆ. ಅದನ್ನು ನೆರಿಗೆಯಡಿ ಮರೆಮಾಡುವುದು, ಕರಗಿಸಲು ಬೆಳಗಿನ ವಾಕಿಂಗ್ ಹೋಗುವುದು ಎಷ್ಟೋ ಮನೆಗಳ ನಿತ್ಯದ ಕಥೆ. ಕ್ಯಾನ್ಸರಿನಿಂದಾಗಿ ಸ್ತನ ಕಳೆದುಕೊಂಡವರಿಗೆ ಅದೇ ಕೊಬ್ಬು, ಅದೇ ಚರ್ಮದಿಂದ ಹೊಸ ಸ್ತನ ರೂಪಿಸಿಕೊಡಲು ಸಾಧ್ಯ. ಪ್ಲಾಸ್ಟಿಕ್ ಸರ್ಜನ್‌ಗಳು ನಾಲ್ಕು ದಶಕಗಳಿಂದ ಈ ಕೆಲಸ ಮಾಡುತ್ತಿದ್ದಾರೆ. ಬೆಂಗಳೂರಿನಲ್ಲೂ ಮಾಡುತ್ತಾರೆ. ಆದರೂ ಸ್ತನ ತೆಗೆಸಿಕೊಳ್ಳಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಎಷ್ಟೋ ಹೆಣ್ಣುಮಕ್ಕಳಿಗೆ ಇಂಥದ್ದೊಂದು ದಾರಿ ಇದೆ ಎಂಬುದೇ ಆ ಹೊತ್ತಿನಲ್ಲಿ ಗೊತ್ತಿರುವುದಿಲ್ಲ.

ಗೊತ್ತಿಲ್ಲದಿರುವುದು ಅವರ ತಪ್ಪಲ್ಲ. ಹೇಳಬೇಕಾದವರು ಹೇಳಿರುವುದಿಲ್ಲ.

ಭಾರತದ ಮಹಿಳೆಯರನ್ನು ಅತಿ ಹೆಚ್ಚು ಕಾಡುವ ಕ್ಯಾನ್ಸರ್ ಸ್ತನದ್ದು. ಜಾಗತಿಕ ಕ್ಯಾನ್ಸರ್ ಅಂದಾಜಿನ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು ಕಂಡುಬಂದವು. ಸತ್ತವರು ಸುಮಾರು 98 ಸಾವಿರ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ರೋಗ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಮಗಳು ಇನ್ನೂ ಪಿಯುಸಿ ಓದುತ್ತಿರುವ, ದುಡಿಮೆಯ ನಡುಪ್ರಾಯದಲ್ಲಿರುವ ಹೆಂಗಸರಿಗೆ ಬರುತ್ತದೆ. ಗಡ್ಡೆ ಚಿಕ್ಕದಿದ್ದಾಗಲೇ ಪತ್ತೆಯಾದರೆ ಸ್ತನವನ್ನು ಪೂರ್ತಿ ತೆಗೆಯುವ ಅಗತ್ಯವೇ ಬಾರದಿರಬಹುದು. ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಬದುಕುಳಿಯುವ ಅವಕಾಶ ಅಷ್ಟೇ ಇರುತ್ತದೆ ಎಂಬುದನ್ನು ಇಟಲಿಯ ಉಂಬೆರ್ಟೊ ವೆರೊನೇಸಿ ಮತ್ತು ಅಮೆರಿಕದ ಬರ್ನಾರ್ಡ್ ಫಿಷರ್ ಇಬ್ಬರೂ ಬೇರೆ ಬೇರೆಯಾಗಿ ನಡೆಸಿದ ಅಧ್ಯಯನಗಳ 20 ವರ್ಷಗಳ ಫಲಿತಾಂಶ 2002ರಲ್ಲಿ ತೋರಿಸಿತು. ಆದರೆ ನಮ್ಮಲ್ಲಿ ಅನೇಕರು ಆಸ್ಪತ್ರೆಗೆ ಬರುವಷ್ಟರಲ್ಲಿ ಗಡ್ಡೆ ಬೆಳೆದಿರುತ್ತದೆ. ಸಂಕೋಚ, ಮನೆಗೆಲಸ, ದೂರ, ದುಡ್ಡು, 'ನೋವಿಲ್ಲವಲ್ಲ, ನೋಡೋಣ' ಎಂಬ ಮಾತು ಎಲ್ಲವೂ ಸೇರಿ ತಿಂಗಳುಗಳು ಕಳೆದಿರುತ್ತವೆ. ಹೀಗೆ ತಡವಾದವರಲ್ಲಿ ಬಹಳ ಮಂದಿಗೆ ಸ್ತನವನ್ನು ಪೂರ್ತಿ ತೆಗೆಯದೆ ಬೇರೆ ದಾರಿ ಉಳಿಯುವುದಿಲ್ಲ.

ಆಮೇಲೆ ಏನು? ಗಾಯ ಮಾಗುತ್ತದೆ. ಕೀಮೋದಿಂದ ಉದುರಿದ ಕೂದಲು ಮತ್ತೆ ಬೆಳೆಯುತ್ತದೆ. ರವಿಕೆಯೊಳಗೆ ಹತ್ತಿಯನ್ನೋ ಮಡಿಸಿದ ಬಟ್ಟೆಯನ್ನೋ ಇಟ್ಟುಕೊಳ್ಳುವ ಅಭ್ಯಾಸವಾಗುತ್ತದೆ. ಅದು ಜಾರುತ್ತದೆ, ಬೆವರುತ್ತದೆ, ಬಗ್ಗಿದಾಗ ಸರಿಯುತ್ತದೆ. ಮದುವೆಮನೆಯಲ್ಲಿ ಎಲ್ಲರ ಜೊತೆ ಒಂದೇ ಕೋಣೆಯಲ್ಲಿ ಸೀರೆ ಉಡುವುದನ್ನು ಬಿಡುವವರಿದ್ದಾರೆ. ಕನ್ನಡಿಯ ಮುಂದೆ ಸ್ನಾನ ಮುಗಿಸಿ ನಿಲ್ಲುವುದನ್ನು ಬಿಡುವವರಿದ್ದಾರೆ. ಇದನ್ನೆಲ್ಲ ಯಾರೂ ವೈದ್ಯರ ಮುಂದೆ ದೂರಾಗಿ ಹೇಳುವುದಿಲ್ಲ, ಹಾಗಾಗಿ ಯಾವ ಫೈಲಿನಲ್ಲೂ ದಾಖಲಾಗುವುದಿಲ್ಲ.

ಹೊಟ್ಟೆಯ ಅಂಗಾಂಶದಿಂದ ಸ್ತನ ಕಟ್ಟುವ ಶಸ್ತ್ರಚಿಕಿತ್ಸೆಯಲ್ಲಿ ಇಂದು ಅತ್ಯುತ್ತಮ ಎನಿಸಿಕೊಂಡಿರುವುದು ಡೀಪ್ ಫ್ಲ್ಯಾಪ್. ಅದು ನಡೆಯುವ ರೀತಿಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಇದರ ಕಷ್ಟವೂ ಬೆಲೆಯೂ ಆ ವಿವರದಲ್ಲೇ ಇದೆ. ಮೊದಲು ಸಿ.ಟಿ. ಆಂಜಿಯೋಗ್ರಾಮ್ ಮಾಡಿ ಹೊಟ್ಟೆಯ ರಕ್ತನಾಳಗಳ ನಕ್ಷೆ ತೆಗೆಯುತ್ತಾರೆ. ಕೆಳಹೊಟ್ಟೆಯ ಆಳದಲ್ಲಿ ಸಾಗುವ ಒಂದು ಅಪಧಮನಿಯಿಂದ ಸಣ್ಣ ಸಣ್ಣ ಕವಲುಗಳು ಹೊಟ್ಟೆಯ ಸ್ನಾಯುವನ್ನು ತೂರಿಕೊಂಡು ಮೇಲಿನ ಕೊಬ್ಬು ಮತ್ತು ಚರ್ಮಕ್ಕೆ ರಕ್ತ ತಲುಪಿಸುತ್ತವೆ. ಅವುಗಳಲ್ಲಿ ಯಾವುದು ಗಟ್ಟಿ, ಯಾವುದು ಎಲ್ಲಿಂದ ಹೊರಬರುತ್ತದೆ ಎಂಬುದು ಪ್ರತಿ ದೇಹದಲ್ಲೂ ಬೇರೆ. ಶಸ್ತ್ರಚಿಕಿತ್ಸೆಯ ದಿನ ಒಂದು ತಂಡ ಸ್ತನವನ್ನು ತೆಗೆಯುತ್ತಿದ್ದರೆ ಇನ್ನೊಂದು ತಂಡ ಹೊಟ್ಟೆಯ ಮೇಲೆ, ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ, ದೋಣಿಯಾಕಾರದಲ್ಲಿ ಚರ್ಮ ಮತ್ತು ಕೊಬ್ಬನ್ನು ಬಿಡಿಸುತ್ತದೆ. ಸ್ನಾಯುವಿನ ಎಳೆಗಳನ್ನು ಕತ್ತರಿಸದೆ, ಪಕ್ಕಕ್ಕೆ ಸರಿಸಿ, ಒಳಗೆ ಹುದುಗಿದ ಆ ಕವಲನ್ನು ಬುಡದವರೆಗೆ ಹಿಂಬಾಲಿಸಿ ಬಿಡಿಸಿಕೊಳ್ಳಬೇಕು. ಇದೇ ಅತಿ ತಾಳ್ಮೆಯ ಕೆಲಸ.

ಬಳಿಕ ಆ ಅಪಧಮನಿಯನ್ನೂ ಅಭಿಧಮನಿಯನ್ನೂ ಕತ್ತರಿಸಿ ಅಂಗಾಂಶವನ್ನು ಎದೆಗೆ ಒಯ್ಯುತ್ತಾರೆ. ಎದೆಮೂಳೆಯ ಪಕ್ಕದಲ್ಲಿ, ಪಕ್ಕೆಲುಬಿನ ಮೃದ್ವಸ್ಥಿಯ ಹಿಂದೆ ಇರುವ ರಕ್ತನಾಳಗಳಿಗೆ ಅವನ್ನು ಜೋಡಿಸಬೇಕು. ಒಂದೆರಡು ಮಿಲಿಮೀಟರ್ ಅಗಲದ ನಾಳಗಳು; ಹೊಲಿಗೆ ಹಾಕುವುದು ಮೈಕ್ರೋಸ್ಕೋಪಿನಡಿ, ತಲೆಗೂದಲಿಗಿಂತ ತೆಳ್ಳಗಿನ ದಾರದಲ್ಲಿ. ಜೋಡಣೆ ಮುಗಿದು ಕ್ಲಾಂಪ್ ಸಡಿಲಿಸಿದಾಗ ರಕ್ತ ಹರಿದು, ಬಿಳಚಿದ ಚರ್ಮಕ್ಕೆ ಬಣ್ಣ ಮರಳಬೇಕು. ಮಡಿಯಿಂದ ಕಿತ್ತ ಸಸಿಯನ್ನು ಬೇರಿನ ಮಣ್ಣಿನ ಸಮೇತ ಹೊಸ ಗದ್ದೆಗೆ ನಾಟಿ ಮಾಡಿದ ಹಾಗೆ: ಜಾಗ ಬದಲಾಗಿದೆ, ನೀರು ಸಿಕ್ಕರೆ ಅದು ಬದುಕುತ್ತದೆ. ಹೊಟ್ಟೆಯ ಗಾಯವನ್ನು ಹೊಲಿದು, ಹೊಕ್ಕುಳಿಗೆ ಹೊಸ ತೆರಪು ಮಾಡಿ, ಎದೆಯ ಮೇಲಿನ ಅಂಗಾಂಶಕ್ಕೆ ಆಕಾರ ಕೊಟ್ಟು ಮುಗಿಸುವಷ್ಟರಲ್ಲಿ ಆರರಿಂದ ಎಂಟು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಮೊದಲ ಒಂದೆರಡು ದಿನ ನರ್ಸ್‌ಗಳು ಗಂಟೆಗಂಟೆಗೂ ಬಂದು ಹೊಸ ಸ್ತನದ ಬಣ್ಣ, ಬಿಸಿ, ನಾಡಿಯ ಸದ್ದು ನೋಡುತ್ತಾರೆ. ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಸುಳಿವು ಸಿಕ್ಕರೆ ಮಧ್ಯರಾತ್ರಿಯಾದರೂ ಮತ್ತೆ ಥಿಯೇಟರಿಗೆ ಒಯ್ಯಬೇಕು. ಪಳಗಿದ ತಂಡಗಳ ಕೈಯಲ್ಲಿ ಅಂಗಾಂಶ ಪೂರ್ತಿ ಸತ್ತು ವಿಫಲವಾಗುವುದು ನೂರಕ್ಕೆ ಒಂದೆರಡು ಬಾರಿ ಮಾತ್ರ.

ಈ ವಿದ್ಯೆ ಒಮ್ಮೆಲೇ ಹುಟ್ಟಿದ್ದಲ್ಲ. ದೇಹದ ಒಂದು ಕಡೆಯ ಚರ್ಮವನ್ನು ರಕ್ತಸಂಚಾರ ತಪ್ಪದಂತೆ ಇನ್ನೊಂದು ಕಡೆಗೆ ತಿರುಗಿಸುವ ಉಪಾಯ ಸುಶ್ರುತ ಸಂಹಿತೆಯಲ್ಲೇ ಇದೆ. ಯುರೋಪ್ ಅದನ್ನು ಗಂಭೀರವಾಗಿ ಕಣ್ಣಿಟ್ಟು ನೋಡಿದ್ದು ಮೈಸೂರಿನ ಯುದ್ಧದ ನೆಪದಲ್ಲಿ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪು ಸೈನ್ಯದ ಸೆರೆಯಾಗಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯಲ್ಲಿ ಒಬ್ಬ ದೇಶೀಯ ವೈದ್ಯ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿಕೊಟ್ಟ. ಆ ವರದಿ 1794ರಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಚಿತ್ರಸಮೇತ ಅಚ್ಚಾಯಿತು. ಅದನ್ನೋದಿದ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದ. ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಬರೆಯುವವರು ಈ ಘಟನೆಯನ್ನು ಬಿಡುವುದಿಲ್ಲ. ಕತ್ತರಿಸಿದ ಮೂಗನ್ನು ಮರಳಿ ಕಟ್ಟುವುದು ಶೋಕಿ ಎಂದು ಅಂದೂ ಯಾರಿಗೂ ಅನಿಸಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ಸ್ತನದ ವಿಷಯದಲ್ಲಿ ಅಷ್ಟು ಔದಾರ್ಯ ಬರಲು ಬಹಳ ಕಾಲ ಬೇಕಾಯಿತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1890ರ ದಶಕದಲ್ಲಿ ಪ್ರಚಾರಕ್ಕೆ ತಂದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುತ್ತಿದ್ದರು. ಆ ಗಾಯದ ಮೇಲೆ ಬೇರೆ ಅಂಗಾಂಶ ತಂದು ಮುಚ್ಚಿದರೆ ಮರುಕಳಿಸಿದ ಕ್ಯಾನ್ಸರ್ ಕಣ್ಣಿಗೆ ಬೀಳುವುದಿಲ್ಲ ಎಂಬ ಭಯ ಅವರಿಗಿತ್ತು. ಅವರ ಮಾತಿನ ತೂಕ ಎಷ್ಟಿತ್ತೆಂದರೆ ಹಲವು ದಶಕಗಳ ಕಾಲ ಹೆಚ್ಚಿನ ಸರ್ಜನ್‌ಗಳು ಸ್ತನವನ್ನು ಮರಳಿ ಕಟ್ಟುವ ಮರುರೂಪಣೆಯ ಗೋಜಿಗೇ ಹೋಗಲಿಲ್ಲ. 1895ರಲ್ಲೇ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ವಿನ್ಸೆಂಟ್ ಚೆರ್ನಿ ಒಬ್ಬ ಮಹಿಳೆಯ ದೇಹದಲ್ಲಿದ್ದ ಕೊಬ್ಬಿನ ಗಂಟನ್ನು ತೆಗೆದು ಅವಳ ಎದೆಯಲ್ಲಿ ಕೂರಿಸಿದ್ದರೂ ಅದು ಬಿಡಿ ಪ್ರಯತ್ನವಾಗಿಯೇ ಉಳಿಯಿತು.

ಹೊಟ್ಟೆಯ ಕೊಬ್ಬಿಗೆ ಈ ಯೋಗ ಬಂದದ್ದು 1982ರಲ್ಲಿ, ಅಮೆರಿಕದ ಅಟ್ಲಾಂಟಾದ ಕಾರ್ಲ್ ಹಾರ್ಟ್‌ರಾಂಫ್ ಟ್ರಾಮ್ ಫ್ಲ್ಯಾಪ್ ಬಗ್ಗೆ ಬರೆದಾಗ. ಹೊಟ್ಟೆಯ ಉದ್ದನೆಯ ಸ್ನಾಯುವನ್ನೇ ತೊಟ್ಟಿನಂತೆ ಉಳಿಸಿಕೊಂಡು, ಅದಕ್ಕಂಟಿದ ಚರ್ಮ ಮತ್ತು ಕೊಬ್ಬನ್ನು ಚರ್ಮದಡಿಯ ಸುರಂಗದಲ್ಲಿ ಎದೆಗೆ ಏರಿಸುವ ವಿಧಾನ ಅದು. ಮೈಕ್ರೋಸ್ಕೋಪ್ ಬೇಡ. ಆದರೆ ಹೊಟ್ಟೆಯ ಸ್ನಾಯು ಹೋಗುತ್ತದೆ. ಹೊಟ್ಟೆ ಉಬ್ಬುವ, ಹರ್ನಿಯಾ ಆಗುವ ಸಂಭವ ಹೆಚ್ಚುತ್ತದೆ. 1989ರಲ್ಲಿ ಜಪಾನಿನ ಇಸಾವೊ ಕೊಶಿಮಾ ಸ್ನಾಯುವನ್ನು ಬಿಟ್ಟು ಬರಿಯ ಚರ್ಮ ಮತ್ತು ಕೊಬ್ಬನ್ನು ಅದರ ಕವಲುನಾಳದ ಮೇಲೆ ಬದುಕಿಸಬಹುದು ಎಂದು ತೋರಿಸಿದರು. ನ್ಯೂ ಆರ್ಲಿಯನ್ಸ್‌ನ ರಾಬರ್ಟ್ ಅಲೆನ್ 1992ರಲ್ಲಿ ಅದನ್ನು ಸ್ತನಕ್ಕೆ ಅನ್ವಯಿಸಿದರು. ಡೀಪ್ ಫ್ಲ್ಯಾಪ್ ಹೀಗೆ ಬಂತು.

ಸ್ನಾಯು ಉಳಿಯುವುದು ಕರ್ನಾಟಕದ ಹೆಣ್ಣುಮಕ್ಕಳ ಮಟ್ಟಿಗೆ ಸಣ್ಣ ಮಾತಲ್ಲ. ಮಂಡ್ಯದಲ್ಲಿ ನಾಟಿಗೆ ಬಗ್ಗುವವರು, ಹಾವೇರಿಯಲ್ಲಿ ಕಳೆ ಕೀಳುವವರು, ಕೊಡಗಿನಲ್ಲಿ ಕಾಫಿ ಕೊಯ್ದು ಮೂಟೆ ಹೊರುವವರು, ಊರಿಂದ ಬಂದು ಬೆಂಗಳೂರಿನ ಮನೆಗಳಲ್ಲಿ ನೆಲ ಒರೆಸುವವರು ಇವರೆಲ್ಲರ ಅನ್ನ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳಲ್ಲಿದೆ. ಕುರ್ಚಿಯಲ್ಲಿ ಕೂತು ದುಡಿಯುವವರಿಗಿಂತ ಇವರಿಗೆ ಹೊಟ್ಟೆಯ ಬಲ ಹೆಚ್ಚು ಬೇಕು. ಸ್ನಾಯು ಉಳಿಸುವ ಶಸ್ತ್ರಚಿಕಿತ್ಸೆ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಇವರಿಗೇ, ಎಲ್ಲರಿಗಿಂತ ಕಡಿಮೆ ಸಿಗುವುದೂ ಇವರಿಗೇ. ಮರುರೂಪಣೆ ಎಂದರೆ ಉಳ್ಳವರ ಬಯಕೆ ಎಂದುಕೊಂಡವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಸಿಲಿಕೋನ್ ಇಂಪ್ಲಾಂಟ್ ಸುಲಭವಲ್ಲವೇ ಎಂದು ಕೇಳಬಹುದು. ಹೌದು, ಆ ಶಸ್ತ್ರಚಿಕಿತ್ಸೆ ಚಿಕ್ಕದು, ಹೊಟ್ಟೆ ಮುಟ್ಟಬೇಕಿಲ್ಲ, ತೆಳ್ಳಗಿನ ಮೈಯವರಿಗೆ ಕೆಲವೊಮ್ಮೆ ಅದೇ ಸರಿಯಾದ ಆಯ್ಕೆ. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೊದಲು ಬಳಕೆಗೆ ಬಂದ ಸಿಲಿಕೋನ್ ಇಂಪ್ಲಾಂಟ್‌ಗಳು ಲಕ್ಷಾಂತರ ಮಂದಿಗೆ ನೆರವಾಗಿವೆ. ಆದರೆ ಅವು ಜೀವಮಾನದ ವಸ್ತುಗಳಲ್ಲ, ಹರಿಯಬಹುದು, ಬದಲಿಸಬೇಕಾಗಬಹುದು. ಅಪರೂಪದ ಒಂದು ಬಗೆಯ ಲಿಂಫೋಮಾದ ಜೊತೆ ನಂಟು ಕಂಡುಬಂದದ್ದರಿಂದ 2019ರ ಜುಲೈಯಲ್ಲಿ ಅಲರ್ಗನ್ ಕಂಪನಿ ತನ್ನ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಎಲ್ಲಕ್ಕಿಂತ ಮುಖ್ಯವಾಗಿ, ರೇಡಿಯೇಷನ್ ಪಡೆದ ಎದೆಯಲ್ಲಿ ಇಂಪ್ಲಾಂಟಿನ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಆಕಾರ ಕೆಡುವ, ನೋಯುವ ಸಂಭವ ಹೆಚ್ಚು. ತಡವಾಗಿ ಬರುವ ನಮ್ಮ ರೋಗಿಗಳಲ್ಲಿ ರೇಡಿಯೇಷನ್ ಬೇಕಾಗುವವರೇ ಬಹಳ. ಅಂಥ ಎದೆಗೆ ತನ್ನದೇ ರಕ್ತಸಂಚಾರ ಹೊತ್ತು ಬರುವ ಜೀವಂತ ಅಂಗಾಂಶ ಹೆಚ್ಚು ಹೊಂದುತ್ತದೆ. ಮೈ ತೂಕ ಏರಿದರೆ ಅದೂ ಏರುತ್ತದೆ, ಇಳಿದರೆ ಇಳಿಯುತ್ತದೆ. ವಯಸ್ಸಾದಂತೆ ಇನ್ನೊಂದು ಸ್ತನದ ಜೊತೆಗೇ ಜೋಲುತ್ತದೆ.

ಇದರ ಕಷ್ಟಗಳನ್ನು ಮುಚ್ಚಿಟ್ಟು ಹೊಗಳಿದರೆ ಅದೂ ಅನ್ಯಾಯವೇ. ಹೊಟ್ಟೆಯ ಮೇಲೆ ಸೊಂಟದಿಂದ ಸೊಂಟಕ್ಕೆ ಶಾಶ್ವತ ಗಾಯದ ಗೆರೆ ಉಳಿಯುತ್ತದೆ. ಮೊದಲ ಕೆಲ ದಿನ ನೆಟ್ಟಗೆ ನಿಲ್ಲಲಾಗದು, ಬಗ್ಗಿಯೇ ನಡೆಯಬೇಕು. ಡ್ರೈನ್ ಕೊಳವೆಗಳು ಮೈಗೆ ತೂಗುತ್ತಿರುತ್ತವೆ. ಸುಮಾರು ಆರು ವಾರ ಭಾರ ಎತ್ತುವಂತಿಲ್ಲ. ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಅಳುವ ಮಗು, ಒದ್ದೆ ಬಟ್ಟೆಯ ಬಕೆಟ್ ಎಲ್ಲವನ್ನೂ ಬೇರೆಯವರು ಎತ್ತಬೇಕು. ಹೊಸ ಸ್ತನಕ್ಕೆ ಸ್ಪರ್ಶಜ್ಞಾನ ಬಹುಪಾಲು ಇರುವುದಿಲ್ಲ. ನರಗಳನ್ನು ಜೋಡಿಸುವ ಪ್ರಯತ್ನಗಳು ನಡೆದಿದ್ದರೂ ಹಳೆಯ ಸಂವೇದನೆ ಮರಳುವ ಭರವಸೆ ಕೊಡಲಾಗದು. ಮೊಲೆತೊಟ್ಟನ್ನು ಚರ್ಮ ಮಡಿಸಿ, ಹಚ್ಚೆ ಹಾಕಿ ಮಾಡುತ್ತಾರೆ, ಅದಕ್ಕೆ ಮತ್ತೊಮ್ಮೆ ಬರಬೇಕು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ವಿಪರೀತ ತೂಕ, ಧೂಮಪಾನ ಇದ್ದವರಿಗೆ ಅಪಾಯ ಹೆಚ್ಚು. ಈಗಾಗಲೇ ಹೊಟ್ಟೆಯ ಚರ್ಮ ಬಿಗಿಗೊಳಿಸುವ ಆಪರೇಷನ್ ಮಾಡಿಸಿಕೊಂಡವರಿಗೆ ಇದು ಸಾಧ್ಯವೇ ಇಲ್ಲ, ಏಕೆಂದರೆ ಹೊಟ್ಟೆಯನ್ನು ಈ ಕೆಲಸಕ್ಕೆ ಬಳಸಬಹುದಾದದ್ದು ಜೀವನದಲ್ಲಿ ಒಮ್ಮೆ ಮಾತ್ರ. ಸಿಸೇರಿಯನ್ ಆದವರು ಮಾತ್ರ ಹೆದರಬೇಕಿಲ್ಲ. ಆ ಗಾಯದ ಗೆರೆ ಸಾಮಾನ್ಯವಾಗಿ ಅಡ್ಡಿಯಾಗದು. ನಮ್ಮಲ್ಲಿ ಅದು ಎಷ್ಟು ಮಂದಿಗೆ ಆಗಿರುತ್ತದೆ ಎಂದು ಯೋಚಿಸಿದರೆ ಈ ಒಂದು ಮಾಹಿತಿಯೇ ಬೆಲೆಯುಳ್ಳದ್ದು.

ಹಾಲ್‌ಸ್ಟೆಡ್ ಕಾಲದ ಭಯ ಇಂದೂ ಮನೆಗಳಲ್ಲಿ ಕೇಳಿಸುತ್ತದೆ: 'ಮತ್ತೆ ಕೆದಕಿದರೆ ಕ್ಯಾನ್ಸರ್ ಬರುತ್ತದೆ', 'ಒಳಗೆ ಬಂದರೂ ತಿಳಿಯುವುದಿಲ್ಲ'. ದಶಕಗಳ ಅನುಭವ ಈ ಭಯವನ್ನು ಸಮರ್ಥಿಸಿಲ್ಲ. ಮರುರೂಪಣೆ ಮಾಡಿಸಿಕೊಂಡವರಲ್ಲಿ ರೋಗ ಹೆಚ್ಚು ಮರುಕಳಿಸುವುದಾಗಲಿ, ಆಯಸ್ಸು ಕುಗ್ಗುವುದಾಗಲಿ ಕಂಡುಬಂದಿಲ್ಲ. ಕೀಮೋ ಅಥವಾ ರೇಡಿಯೇಷನ್ ತಡವಾಗದಂತೆ ಸಮಯ ನಿಗದಿ ಮಾಡಬೇಕು ಎಂಬುದು ನಿಜವಾದ ಎಚ್ಚರಿಕೆ. ಅದಕ್ಕೆ ಕ್ಯಾನ್ಸರ್ ಸರ್ಜನ್, ಪ್ಲಾಸ್ಟಿಕ್ ಸರ್ಜನ್, ರೇಡಿಯೇಷನ್ ತಜ್ಞರು ಒಟ್ಟಿಗೆ ಕೂತು ಮಾತಾಡಬೇಕು. ಕೆಲವರಿಗೆ ಒಂದೇ ಬಾರಿಗೆ ಎರಡೂ ಆಗಬಹುದು. ರೇಡಿಯೇಷನ್ ಖಚಿತವಿದ್ದವರಿಗೆ ಚಿಕಿತ್ಸೆಯೆಲ್ಲ ಮುಗಿದು ಕೆಲವು ತಿಂಗಳಾದ ಮೇಲೆ ಮಾಡುವುದು ಒಳಿತೆಂದು ಅನೇಕ ತಂಡಗಳು ಭಾವಿಸುತ್ತವೆ.

ಹಾಗಿದ್ದರೆ ಹೇಳುವುದಕ್ಕೆ ಏನು ತಡೆ? 'ಜೀವ ಉಳಿದರೆ ಸಾಕು' ಎಂಬ ಒಂದು ಮಾತು. ಬಯಾಪ್ಸಿ ವರದಿ ಕೈಗೆ ಬಂದ ದಿನ ಆ ಮಾತು ಸಹಜ, ಪ್ರಾಮಾಣಿಕ. ಅದನ್ನು ಆಡುವವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಅದನ್ನು ಹೆಚ್ಚಾಗಿ ಆಡುವವರು ಗಂಡ, ಅಣ್ಣ, ಮಗ, ಒಪ್ಪುವವರು ವೈದ್ಯರು, ಹಾಸಿಗೆಯಲ್ಲಿ ಕೂತ ಹೆಂಗಸು ತಲೆಯಾಡಿಸುತ್ತಾಳೆ. 'ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ' ಎಂಬ ಮಾತು ನಲವತ್ತೈದಕ್ಕೂ ಬರುತ್ತದೆ, ಅರವತ್ತಕ್ಕೂ ಬರುತ್ತದೆ. ಬಾಯಿ ಕ್ಯಾನ್ಸರಿನಿಂದ ದವಡೆ ಕಳೆದುಕೊಂಡ ಗಂಡಸಿಗೆ ಕಾಲಿನ ಮೂಳೆ ತೆಗೆದು ದವಡೆ ಕಟ್ಟುವಾಗ ಯಾರೂ ವಯಸ್ಸು ಕೇಳಿ ನಿಲ್ಲಿಸುವುದಿಲ್ಲ. ಅದೂ ಮೈಕ್ರೋಸ್ಕೋಪಿನಡಿ ಗಂಟೆಗಟ್ಟಲೆ ನಡೆಯುವ ಕೆಲಸವೇ. ನಮ್ಮ ಕ್ಯಾನ್ಸರ್ ಆಸ್ಪತ್ರೆಗಳು ಅದನ್ನು ದಿನನಿತ್ಯದ ಚಿಕಿತ್ಸೆಯಾಗಿ ಸ್ವೀಕರಿಸಿವೆ. ದವಡೆಯಿಲ್ಲದೆ ಉಣ್ಣಲಾಗದು, ಸ್ತನವಿಲ್ಲದೆ ಉಣ್ಣಬಹುದು ಎಂಬ ವಾದ ಒಪ್ಪುವಂಥದ್ದೇ. ಆದರೆ ಉಂಡು ಉಸಿರಾಡುವುದಷ್ಟೇ ಚಿಕಿತ್ಸೆಯ ಗುರಿಯಾಗಿದ್ದರೆ ಕಾವಸ್‌ಜಿಗೆ ಮೂಗು ಬೇಕಿರಲಿಲ್ಲ.

ಭಾರತದ ಕಾನೂನು ಈ ವಿಷಯದಲ್ಲಿ ಹೆಣ್ಣಿನ ಪರವಾಗಿಯೇ ಇದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಕೊಟ್ಟ ತೀರ್ಪು ವೈದ್ಯಕೀಯ ಒಪ್ಪಿಗೆ ಎಂದರೇನು ಎಂದು ಬಿಡಿಸಿ ಹೇಳಿದೆ. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಮುಖ್ಯ ಅಪಾಯಗಳು, ಬೇಡವೆಂದರೆ ಆಗುವ ಪರಿಣಾಮ ಇವುಗಳ ಜೊತೆಗೆ ಬೇರೆ ಮಾರ್ಗಗಳಿದ್ದರೆ ಅವನ್ನೂ ರೋಗಿಗೆ ತಿಳಿಸಿರಬೇಕು. ಆಗಲೇ ಸಹಿಗೆ ಅರ್ಥ. ಸ್ತನ ಪೂರ್ತಿ ತೆಗೆಯುವುದಕ್ಕೆ ಸಹಿ ಪಡೆಯುವಾಗ ಮರುರೂಪಣೆಯ ಮಾತೇ ಬಾರದಿದ್ದರೆ ಆ ಒಪ್ಪಿಗೆ ಅರ್ಧ ಒಪ್ಪಿಗೆ.

ವಿಮೆಯ ವಿಷಯದಲ್ಲೂ ಹಾಗೆಯೇ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಆರೋಗ್ಯ ವಿಮೆಯ ಹೊರಗಿಡುವ ಷರತ್ತುಗಳನ್ನು ಎಲ್ಲ ಕಂಪನಿಗಳಿಗೂ ಒಂದೇ ರೀತಿಯಲ್ಲಿ ಬರೆಸಿತು. ಸೌಂದರ್ಯ ಚಿಕಿತ್ಸೆ ಮತ್ತು ಪ್ಲಾಸ್ಟಿಕ್ ಸರ್ಜರಿಗೆ ಹಣ ಕೊಡಬೇಕಿಲ್ಲ ಎನ್ನುವ ಆ ಷರತ್ತು ಅಪಘಾತ, ಸುಟ್ಟಗಾಯ ಮತ್ತು ಕ್ಯಾನ್ಸರಿನ ನಂತರದ ಮರುರೂಪಣೆಗೆ ವಿನಾಯಿತಿ ಕೊಟ್ಟಿದೆ. ಅಂದರೆ ಕ್ಯಾನ್ಸರಿನ ನಂತರ ಸ್ತನ ಕಟ್ಟಿಸಿಕೊಳ್ಳುವುದು 'ಕಾಸ್ಮೆಟಿಕ್' ಎಂದು ಹೇಳಿ ಕ್ಲೇಮು ತಿರಸ್ಕರಿಸಲು ಆ ಷರತ್ತಿನಲ್ಲಿ ಆಸ್ಪದವಿಲ್ಲ. ಪಾಲಿಸಿ ಇರುವ ಪ್ರತಿ ಮನೆಯೂ ಈ ಸಾಲನ್ನು ಹುಡುಕಿ ಗುರುತು ಹಾಕಿಟ್ಟುಕೊಳ್ಳಬೇಕು. ಕ್ಲೇಮು ತಿರಸ್ಕೃತವಾದರೆ ಕಂಪನಿಗೆ ಲಿಖಿತ ದೂರು, ಅಲ್ಲೂ ಆಗದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗುವ ಹಕ್ಕಿದೆ.

ಅಮೆರಿಕದ ದಾರಿ ಇಲ್ಲಿ ಪಾಠವಾಗಬಲ್ಲದು. ಸ್ತನ ತೆಗೆಯಲು ಹಣ ಕೊಡುವ ವಿಮೆ ಕಂಪನಿಗಳು ಅದನ್ನು ಮರಳಿ ಕಟ್ಟಲು ಒಪ್ಪದಿದ್ದಾಗ ಎದ್ದ ಕೂಗಿನಿಂದ 1998ರ ಅಕ್ಟೋಬರ್‌ನಲ್ಲಿ ಮಹಿಳಾ ಆರೋಗ್ಯ ಮತ್ತು ಕ್ಯಾನ್ಸರ್ ಹಕ್ಕುಗಳ ಕಾಯ್ದೆ ಬಂತು. ಸ್ತನ ತೆಗೆಯುವ ಖರ್ಚು ಭರಿಸುವ ಆರೋಗ್ಯ ವಿಮೆಯು ಮರುರೂಪಣೆಯ ಎಲ್ಲ ಹಂತಗಳನ್ನೂ, ಎರಡೂ ಕಡೆ ಸಮವಾಗಿ ಕಾಣಲು ಇನ್ನೊಂದು ಸ್ತನದ ಮೇಲೆ ಮಾಡಬೇಕಾದ ಶಸ್ತ್ರಚಿಕಿತ್ಸೆಯನ್ನೂ ಭರಿಸಬೇಕು ಎಂದು ಅದು ಹೇಳಿತು. ವಿಮೆಯುಳ್ಳ ಮಹಿಳೆಯರ ದಾಖಲೆ ನೋಡಿದ ಒಂದು ಅಧ್ಯಯನದ ಪ್ರಕಾರ 1998ರಲ್ಲಿ ಸ್ತನ ತೆಗೆಸಿಕೊಂಡವರಲ್ಲಿ ಶೇ 46 ಮಂದಿ ಮರುರೂಪಣೆ ಪಡೆದಿದ್ದರೆ, 2007ರ ಹೊತ್ತಿಗೆ ಅದು ಶೇ 63ಕ್ಕೆ ಏರಿತ್ತು. ಹಾಗಿದ್ದರೂ ಹಕ್ಕು ಇದೆಯೆಂದೇ ತಿಳಿಯದ ಬಡ, ಕಪ್ಪು ಮತ್ತು ವಲಸೆ ಮಹಿಳೆಯರು ಹಿಂದೆ ಉಳಿದರು. ಆಗ ನ್ಯೂಯಾರ್ಕ್ ರಾಜ್ಯ 2010ರಲ್ಲಿ ಇನ್ನೊಂದು ಕಾಯ್ದೆ ಮಾಡಿತು: ಶಸ್ತ್ರಚಿಕಿತ್ಸೆಗೆ ಮೊದಲೇ ಮರುರೂಪಣೆಯ ಸಾಧ್ಯತೆಗಳನ್ನೂ ವಿಮೆಯ ಹಕ್ಕನ್ನೂ ರೋಗಿಗೆ ತಿಳಿಸುವುದು ಆಸ್ಪತ್ರೆಯ ಕರ್ತವ್ಯ. ಹಣದ ಹಕ್ಕು ಬಂದು ಹನ್ನೆರಡು ವರ್ಷಗಳ ಮೇಲೆ ಮಾಹಿತಿಯ ಹಕ್ಕು ಬಂತು. ಕರ್ನಾಟಕ ಅದನ್ನು ಮೊದಲೇ ಮಾಡಬಹುದು. ಅದಕ್ಕೆ ಹೆಚ್ಚು ಹಣವೂ ಬೇಡ.

ಸರ್ಕಾರಿ ಆಸ್ಪತ್ರೆಯ ಸರ್ಜನ್ ಒಬ್ಬರು ಇಲ್ಲಿ ಎತ್ತಬಹುದಾದ ಪ್ರಶ್ನೆ ಗಂಭೀರವಾದದ್ದು. ಹೊರಗೆ ಸಾಲು ನಿಂತಿದೆ. ಒಂದು ಡೀಪ್ ಫ್ಲ್ಯಾಪ್ ಮುಗಿಯುವ ಹೊತ್ತಿಗೆ ಅದೇ ಟೇಬಲ್ ಮೇಲೆ ಮೂರು ನಾಲ್ಕು ಮಂದಿಯ ಕ್ಯಾನ್ಸರ್ ತೆಗೆಯಬಹುದು. ಯಾರನ್ನು ಕಾಯಿಸುವುದು? ಈ ಪ್ರಶ್ನೆಗೆ ಭಾವುಕ ಉತ್ತರ ಸಾಲದು. ಕ್ಯಾನ್ಸರ್ ತೆಗೆಯುವುದೇ ಮೊದಲು, ಅದರಲ್ಲಿ ಚರ್ಚೆಯಿಲ್ಲ. ಆದರೆ ಚಿಕಿತ್ಸೆ ಮುಗಿದು ವರ್ಷದ ಮೇಲೆ ಮಾಡುವ ಮರುರೂಪಣೆ ಯಾರ ಸರದಿಯನ್ನೂ ಕಸಿಯುವುದಿಲ್ಲ. ವೈದ್ಯಕೀಯ ಕಾಲೇಜುಗಳ ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ, ಬೇರೆ ಟೇಬಲ್ ಮೇಲೆ ಅದನ್ನು ಮಾಡಬಹುದು. ಎಲ್ಲರಿಗೂ ಡೀಪ್ ಫ್ಲ್ಯಾಪ್ ಬೇಕೆಂದೂ ಇಲ್ಲ. ಬೆನ್ನಿನ ಸ್ನಾಯುವನ್ನು ಮುಂದಕ್ಕೆ ತಿರುಗಿಸಿ ಮಾಡುವ ಮರುರೂಪಣೆಗೆ ಮೈಕ್ರೋಸ್ಕೋಪ್ ಬೇಕಿಲ್ಲ, ಹೊತ್ತೂ ಕಡಿಮೆ. ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಕೇಂದ್ರ ಮತ್ತು ಕೆಲವು ವೈದ್ಯಕೀಯ ಕಾಲೇಜುಗಳು ಸೇರಿ ತಿಂಗಳಿಗೆ ಇಷ್ಟು ದಿನ ಇದಕ್ಕೇ ಎಂದು ಮೀಸಲಿಟ್ಟರೆ ಯುವ ಸರ್ಜನ್‌ಗಳ ಕೈಯೂ ಪಳಗುತ್ತದೆ. ಹೆಚ್ಚು ಮಾಡಿದ ತಂಡವೇ ಬೇಗ ಮುಗಿಸುತ್ತದೆ, ಕಡಿಮೆ ಕೆಡಿಸುತ್ತದೆ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿದೆ. ಎಂಟು ಗಂಟೆಯ ಮೈಕ್ರೋಸರ್ಜರಿಗೆ ಎಂಟು ಗಂಟೆಯ ದರ ಸಿಕ್ಕರೆ ಮಾತ್ರ ಆಸ್ಪತ್ರೆಗಳು ಮುಂದೆ ಬರುತ್ತವೆ. ಸ್ತನ ಮರುರೂಪಣೆಯ ಪ್ರತಿಯೊಂದು ವಿಧಾನಕ್ಕೂ ಅದರ ಶ್ರಮಕ್ಕೆ ತಕ್ಕ ದರವಿರಬೇಕು, ಆಸ್ಪತ್ರೆಯ ಬಾಗಿಲಲ್ಲಿ ಕೂರುವ ಆರೋಗ್ಯಮಿತ್ರರಿಗೆ ಅದು ಬಾಯಿಪಾಠವಾಗಿರಬೇಕು. ಒಪ್ಪಿಗೆ ಪತ್ರದ ಜೊತೆ ಒಂದು ಹಾಳೆ ಕನ್ನಡದಲ್ಲಿರಲಿ: ಯಾವ ದಾರಿಗಳಿವೆ, ಯಾವುದು ಈಗ, ಯಾವುದು ಆಮೇಲೆ, ನೋವೆಷ್ಟು, ದಿನವೆಷ್ಟು, ಯಾರಿಗೆ ಆಗದು. ಓದಲು ಬಾರದವರಿಗೆ ಓದಿ ಹೇಳಲು ಒಬ್ಬ ನರ್ಸ್ ಇರಲಿ, ಮನೆಯ ಗಂಡಸರನ್ನು ಐದು ನಿಮಿಷ ಹೊರಗೆ ಕೂರಿಸಿ ಹೇಳಲಿ.

ಹೇಳುವುದು ಎಂದರೆ ಒತ್ತಾಯಿಸುವುದಲ್ಲ. ಬೇಡ ಎನ್ನುವವರು ಬಹಳ ಇದ್ದಾರೆ, ಅವರ ನಿರ್ಧಾರಕ್ಕೂ ಅಷ್ಟೇ ಗೌರವ ಸಲ್ಲಬೇಕು. ಅಮೆರಿಕದ ಕಪ್ಪು ಕವಯಿತ್ರಿ ಆಡ್ರಿ ಲಾರ್ಡ್ 1978ರಲ್ಲಿ ಸ್ತನ ತೆಗೆಸಿಕೊಂಡ ಮೇಲೆ ಕೃತಕ ಸ್ತನ ಧರಿಸದೆ ವೈದ್ಯರ ಬಳಿ ಹೋದಾಗ, ಹೀಗೆ ಬಂದರೆ ಉಳಿದ ರೋಗಿಗಳ ಮನೋಬಲ ಕುಗ್ಗುತ್ತದೆ ಎಂದು ಅಲ್ಲಿನ ನರ್ಸ್ ಆಕ್ಷೇಪಿಸಿದರು. ಲಾರ್ಡ್ ಆ ಅನುಭವವನ್ನು 1980ರ ತಮ್ಮ 'ಕ್ಯಾನ್ಸರ್ ಜರ್ನಲ್ಸ್' ಪುಸ್ತಕದಲ್ಲಿ ಸಿಟ್ಟಿನಿಂದ ಬರೆದರು. ಚಪ್ಪಟೆ ಎದೆಯೊಂದಿಗೆ ತಲೆಯೆತ್ತಿ ನಡೆಯುವುದು ಅವರ ಆಯ್ಕೆಯಾಗಿತ್ತು. ಆಯ್ಕೆ ಎನ್ನಬೇಕಾದರೆ ಎರಡು ದಾರಿಗಳೂ ಕಣ್ಣ ಮುಂದಿರಬೇಕು. ನಮ್ಮಲ್ಲಿ 'ನನಗೆ ಬೇಡ' ಎಂದು ಹೇಳುವ ಅವಕಾಶವೂ ಎಷ್ಟೋ ಮಂದಿಗೆ ಸಿಗುವುದಿಲ್ಲ, ಏಕೆಂದರೆ ಯಾರೂ ಕೇಳಿರುವುದಿಲ್ಲ.

ಈಗಾಗಲೇ ಐದು ವರ್ಷದ ಹಿಂದೆಯೋ ಹತ್ತು ವರ್ಷದ ಹಿಂದೆಯೋ ಸ್ತನ ತೆಗೆಸಿಕೊಂಡು ರವಿಕೆಯೊಳಗಿನ ಬಟ್ಟೆಯೊಂದಿಗೇ ದಿನ ದೂಡುತ್ತಿರುವವರಿಗೆ ಇದು ಮುಗಿದ ಮಾತಲ್ಲ. ಹೊಟ್ಟೆಯ ಅಂಗಾಂಶದಿಂದ ಮಾಡುವ ಮರುರೂಪಣೆಗೆ ಇಂತಿಷ್ಟು ವರ್ಷದೊಳಗೆ ಎಂಬ ಗಡುವಿಲ್ಲ. ರೋಗ ಹತೋಟಿಯಲ್ಲಿದ್ದು, ಉಳಿದ ಆರೋಗ್ಯ ಸರಿಯಿದ್ದರೆ ವರ್ಷಗಳ ನಂತರವೂ ಮಾಡಿಸಿಕೊಳ್ಳಬಹುದು. ವಾರ್ಷಿಕ ತಪಾಸಣೆಗೆ ಹೋದಾಗ ಕ್ಯಾನ್ಸರ್ ವೈದ್ಯರನ್ನು ಒಮ್ಮೆ ಕೇಳಿ, ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ಚೀಟಿ ಬರೆಸಿಕೊಳ್ಳಬೇಕು. ಹೋಗುವಾಗ ಆಪರೇಷನ್ನಿನ ಡಿಸ್ಚಾರ್ಜ್ ಸಾರಾಂಶ, ಪೆಥಾಲಜಿ ವರದಿ, ರೇಡಿಯೇಷನ್ ಯಾವ ಭಾಗಕ್ಕೆ ಎಷ್ಟು ಕೊಟ್ಟಿದ್ದಾರೆ ಎಂಬ ದಾಖಲೆ, ಹಿಂದಿನ ಸಿಸೇರಿಯನ್ ಅಥವಾ ಹೊಟ್ಟೆಯ ಆಪರೇಷನ್‌ಗಳ ಕಾಗದ ಮತ್ತು ವಿಮಾ ಪಾಲಿಸಿ ಜೊತೆಗಿರಲಿ. ವರ್ಷಕ್ಕೆ ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತೀರಿ, ಎಷ್ಟು ವಿಫಲವಾಗಿವೆ ಎಂದು ಸರ್ಜನ್‌ರನ್ನು ನೇರವಾಗಿ ಕೇಳಬಹುದು. ಒಳ್ಳೆಯ ಸರ್ಜನ್ ಆ ಪ್ರಶ್ನೆಗೆ ಬೇಸರಿಸುವುದಿಲ್ಲ, ಅಂಕಿ ಹೇಳುತ್ತಾರೆ.